ಸಾಹೇಬರ ಸೋಫಾ

ಸೋಮವಾರದಿಂದ ಎಲ್ಲರೂ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು ಎಂಬ ಆದೇಶ ಮೊಬೈಲಿಗೆ ಬಂದಾಗ ತಸ್ಲೀಮಳಿಗೆ ನಿಜಕ್ಕೂ ಸಂತೋಷವೇ ಆಗಿತ್ತು. ಕೊರೋನಾದ ಎರಡನೇ ಅಲೆಯಲ್ಲಿ ಹುಕ್ಕೇರಿಯ ಆ ಸರಕಾರಿ ಕಚೇರಿ ಹೆಂಗಸರನ್ನೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದು ಕಳಿಸಿತ್ತು. ಪಿಂಚಣಿ ವಿಭಾಗದ ಗುಮಾಸ್ತೆಯಾದ ಅವಳ ಸ್ವಂತ ನಂಬರನ್ನು ಗೇಟಿಗೆ ಅಂಟಿಸಿತ್ತು. ಅಂದಿನಿಂದ ಯಮಕನಮರಡಿಯ ಅವಳ ಅಡಿಗೆಮನೆಯೇ ಕಚೇರಿ. ರೊಟ್ಟಿ ಬಡಿಯುವಾಗ ಫೋನು, ನಮಾಜು ಮುಗಿಸಿ ಏಳುವಷ್ಟರಲ್ಲಿ ಫೋನು. ಗಂಡನನ್ನು ಕಳೆದುಕೊಂಡವರು, ಮಗನನ್ನು ಕಳೆದುಕೊಂಡವರು, ಪಿಂಚಣಿ ನಿಂತು ಔಷಧಿಗೂ ಗತಿಯಿಲ್ಲದವರು. ಕೆಲವರು ಕೇಳಬೇಕಾದದ್ದನ್ನು ಮರೆತು ಬರೀ ಅಳುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತ ಕೂತರೆ ಅತ್ತೆ ಸುಲ್ತಾನಾಬಿ ಬಂದು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಿದ್ದಳು. ಇನ್ನಾದರೂ ಕಚೇರಿಯ ಕೆಲಸ ಕಚೇರಿಯಲ್ಲೇ ಮುಗಿದೀತು ಎಂದುಕೊಂಡು ತಸ್ಲೀಮ ಬಸ್ಸು ಹತ್ತಿದಳು.

ಸಾಹೇಬರು ಎಲ್ಲರನ್ನೂ ಒಂದೆಡೆ ಸೇರಿಸಿದರು. ಆ ತಿಂಗಳುಗಳನ್ನೆಲ್ಲ ಬೆಳಗಾವಿಯ ತಮ್ಮ ಮನೆಯಲ್ಲೇ ಕಳೆದಿದ್ದ ಅವರು ಹೆಂಗಸರ ಕಡೆಗೇ ತಿರುಗಿ ಹೇಳಿದರು: "ಇಷ್ಟ ದಿನ ಮನ್ಯಾಗ ಕುಂತು ಪಗಾರ ತಿಂದೀರಿ. ಆರಾಮ ಸಾಕು. ಇನ್ನರ ದುಡಿಯೂದು ಕಲೀರಿ."

ತಸ್ಲೀಮಳ ಕಿವಿ ಕಾದವು. ಪಕ್ಕದಲ್ಲಿದ್ದ ಅನ್ನಪೂರ್ಣಾ ಅವಳ ಕೈ ಅದುಮಿ, "ಸುಮ್ನಿರವಾ," ಎಂದಳು. ಅನ್ನಪೂರ್ಣಾ ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯ ಗುಮಾಸ್ತೆ, ಸಕ್ಕರೆ ಕಾಯಿಲೆಯವಳು. ಅವಳು ಪದೇ ಪದೇ ಎದ್ದು ಹೋಗಲೇಬೇಕಿತ್ತು. ಆ ದಿನ ಹೋಗಿ ನೋಡಿದರೆ ಹೆಂಗಸರ ಸಂಡಾಸಕ್ಕೆ ಹೊಸ ಬೀಗ ಬಿದ್ದಿತ್ತು.

ಜವಾನ ಉದ್ದಪ್ಪ ನೆಲ ನೋಡುತ್ತ ಹೇಳಿದ: "ಸಾಹೇಬರ ಕ್ವಾರ್ಟರ್ಸ್ ರಿಪೇರಿ ನಡದೈತ್ರಿ ಮೇಡಮ್ಮಾರ. ಅವರ ಸೋಫಾ, ಫ್ರಿಜ್ಜು ಎಲ್ಲಾ ಒಳಗ ಇಡಿಸ್ಯಾರ. ಕೀಲಿ ಅವರ ಕಡೇನ ಐತಿ."

"ಮತ್ತ ನಾವೆಲ್ಲಿ ಹೋಗೂನು?" ತಸ್ಲೀಮ ಕೇಳಿದಳು.

"ಗಂಡಸರದು ಐತ್ರಿ. ಆದ್ರ ಅದಕ್ಕ ಬಾಗಲಾ ಇಲ್ರಿ."

ಅವಳು ನೇರ ಸಾಹೇಬರ ಕೋಣೆಗೆ ಹೋದಳು. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋರಿ. ಬರೂಮುಂದ ಮನ್ಯಾಗ ಮುಗಿಸ್ಕೊಂಡ ಬರ್ರಿ."

ಅಂದಿನಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ತೀರಾ ತಡೆಯದಾದಾಗ ಕಚೇರಿಯ ಹಿಂದಿದ್ದ ದುಂಡವ್ವನ ಮನೆಗೆ ಹೋಗುತ್ತಿದ್ದರು. ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ದುಂಡವ್ವ ಬೇಡ ಅನ್ನಲಿಲ್ಲ. "ಸರಕಾರದ ಕಡೆ ಒಂದ ಸಂಡಾಸ ಇಲ್ಲೇನ್ರವಾ?" ಎಂದಷ್ಟೇ ಕೇಳಿದಳು. ಅನ್ನಪೂರ್ಣಾ ಮಾತ್ರ ಸಂಕೋಚದಿಂದ ತಡೆದು ತಡೆದು, ಉರಿ ಹತ್ತಿ, ಜ್ವರ ಬರಿಸಿಕೊಂಡಳು. ನೀರು ಕುಡಿಯಲೇಬೇಕೆಂದು ಡಾಕ್ಟರು ಗದರಿಸಿ ಕಳಿಸಿದರು.

ಅವಳು ಮತ್ತೆ ಕೆಲಸಕ್ಕೆ ಬಂದ ದಿನ ಹಾಲ್ ತುಂಬ ಜನ. ಸಾಹೇಬರು ಹೊರಗೆ ಬಂದಾಗ ಅನ್ನಪೂರ್ಣಾಳ ಕುರ್ಚಿ ಖಾಲಿಯಿತ್ತು. ಅವಳು ಅವಸರದಿಂದ ಒಳಗೆ ಬರುತ್ತಿದ್ದಂತೆ ಎಲ್ಲರೆದುರೇ ತಡೆದು ನಿಲ್ಲಿಸಿದರು.

"ಎಲ್ಲಿ ಹೋಗಿದ್ರಿ? ಮನ್ಯಾಗ ಕುಂತ ಚಟಾ ಇನ್ನೂ ಬಿಟ್ಟಿಲ್ಲೇನು? ಅರ್ಧಾ ದಿನದ ರಜಾ ಬರದ ಕೊಡ್ರಿ."

ಅಷ್ಟು ಗಂಡಸರ ಮುಂದೆ ಅವಳು ಏನೆಂದು ಹೇಳಬೇಕು? ಆ ಕಚೇರಿಯಲ್ಲೇ ತಲೆ ನರೆಸಿಕೊಂಡ ಹೆಂಗಸು ಶಾಲೆಯ ಹುಡುಗಿಯ ಹಾಗೆ ಸೆರಗು ಹಿಡಿದು ನಿಂತಳು. ಅದನ್ನು ನೋಡಲಾಗದೆ ತಸ್ಲೀಮ ಎದ್ದು ನಿಂತಳು.

"ಅಕ್ಕಾರು ಒಂದಕ್ಕ ಹೋಗಿದ್ರು ಸರ್."

"ಏನಂದ್ರಿ?"

"ಒಂದಕ್ಕ. ಮಂದಿ ಮನಿಗೆ. ನಮ್ಮ ಸಂಡಾಸದಾಗ ನಿಮ್ಮ ಸೋಫಾ ಕುಂತೈತಿ. ಮೊದಲ ಅದನ್ನ ಎಬ್ಬಿಸ್ರಿ. ಆಮ್ಯಾಲ ನಮ್ಮನ್ನ ಕುಂಡ್ರಸ್ರಿ." ಹೊರಬಿದ್ದ ಮಾತು ನಿಲ್ಲಲಿಲ್ಲ. "ಮನ್ಯಾಗ ಕುಂತು ಪಗಾರ ತಿಂದೀರಿ ಅಂದ್ರಿ. ಗೇಟಿಗೆ ಹಚ್ಚಿದ್ದು ನನ್ನ ನಂಬರ ರಿ, ನಿಮ್ಮದಲ್ಲ."

ಹಿಂದೆ ಯಾರೋ ನಕ್ಕು ಸುಮ್ಮನಾದರು. ಗುಂಪಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಕಣಗಲಾ ಹಳ್ಳಿಯ ಭರಮವ್ವ ಎಂಬವಳು. ತಸ್ಲೀಮಳ ಮುಖವನ್ನೇ ದಿಟ್ಟಿಸಿ, "ಈ ಧ್ವನಿ ನಾ ಬಲ್ಲೆ. ನಮ್ಮನಿಯವರು ತೀರಿಕೊಂಡಾಗ ಫೋನಿನ್ಯಾಗ ಮಾತಾಡಿದಾಕಿ ನೀನ ಹೌದಲ್ಲ?" ಎಂದಳು. ತಸ್ಲೀಮ ತಲೆಯಾಡಿಸಿದಳು. ಭರಮವ್ವ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು, ಅಷ್ಟೆ. ಸಾಹೇಬರು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆಯೇ ಸೋಫಾ ಹೊರಗೆ ಹೋಯಿತು. ಮುಂದಿನ ವಾರ ತಸ್ಲೀಮಳ ಕೈಗೆ ಇನ್ನೊಂದು ಆದೇಶ ಬಂತು: ಆಡಳಿತದ ಹಿತದೃಷ್ಟಿಯಿಂದ ಅವಳನ್ನು ಮೂಡಲಗಿಗೆ ನಿಯೋಜಿಸಲಾಗಿದೆ. ಅದು ಯಾವ ಹಿತ ಎಂದು ಅವಳು ಬರೆದು ಕೇಳಿದಳು. ಉತ್ತರ ಬರಲಿಲ್ಲ.

ಟೆಂಪೋ ಓಡಿಸುವ ಗಂಡ ಅಖ್ತರ ಮೆಲ್ಲಗೆ ಹೇಳಿ ನೋಡಿದ: "ಗೋಕಾಕದಾಗ ಬಸ್ ಬದಲಿಸಿ ದಿನಾ ಅಷ್ಟ ದೂರ ಹೋಗಬೇಕಲ್ಲ. ಒಂದ ಮಾತ ಮಾಫಿ ಕೇಳಿಬಿಡು."

"ಏನಂತ ಕೇಳಲಿ? ನೀರ ಕುಡದಿದ್ದು ತಪ್ಪಾತು ಅಂತೇನು?"

ಮರುದಿನ ಬೆಳಿಗ್ಗೆ ಅಖ್ತರ ತಾನೇ ಅವಳನ್ನು ಟೆಂಪೋದಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟುಬಂದ.

ಗೋಕಾಕದ ನಿಲ್ದಾಣದಲ್ಲಿ ಮೂಡಲಗಿ ಬಸ್ಸಿಗೆ ಕಾಯುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ತಪ್ಪು ಮಾಡಿದವರು ತಮ್ಮ ಕುರ್ಚಿಯಲ್ಲೇ ಕೂತಿದ್ದರು, ತಾನು ಊರೂರು ತಿರುಗಬೇಕಾಗಿತ್ತು. ಆಗ ಅನ್ನಪೂರ್ಣಾಳ ಫೋನು ಬಂತು.

"ತಸ್ಲೀಮಾ, ಸಾಹೇಬ್ರು ಮತ್ತ ಕರಿಸಿದ್ರು. ಅವತ್ತಿನ ರಜಾ ಇನ್ನೂ ಬರದ ಕೊಟ್ಟಿಲ್ಲ ಅಂತ."

"ಬರದ ಕೊಟ್ರೇನ್ರಿ ಅಕ್ಕಾರ?"

"ನಾ ಯಾಕ ಬರೀಲಿ? ಬರಿಯೂದಿಲ್ರಿ ಅಂದೆ. ಪೆನ್ನು ಅವರ ಟೇಬಲ್ ಮ್ಯಾಲ ಇಟ್ಟು ಬಂದೆ."

ಮೂಡಲಗಿ ಬಸ್ಸು ಬಂದು ನಿಂತಿತು. ತಸ್ಲೀಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಜನರ ನಡುವೆ ನುಗ್ಗಿದಳು.

"ಮೊದಲಿಂದ ಹೇಳ್ರಿ ಅಕ್ಕಾರ. ಅವರ ಮಾರಿ ಹೆಂಗ ಆಗಿತ್ತು, ಅದನ್ನ ಹೇಳ್ರಿ."

ಅನ್ನಪೂರ್ಣಾ ಮೊದಲಿಂದ ಹೇಳತೊಡಗಿದಳು.