ಗಾಯಕನ ಅಂಗಿ ತೊಳೆದವನು

ಗಾಯಕನ ಮೇಲಿದ್ದ ಕೇಸನ್ನು ಕೈಬಿಟ್ಟ ಸುದ್ದಿ ಬಂದಾಗ ಲಾಂಡ್ರಿಯವನು ಕಲೆ ತೆಗೆಯುವ ಮೇಜಿನ ಮುಂದೆ ನಿಂತು ಯಾರದೋ ಕೋಟಿನ ಕಾಲರನ್ನು ಬ್ರಷ್ಷಿನಿಂದ ತಟ್ಟುತ್ತಿದ್ದ. ಟಿವಿಯಲ್ಲಿ ಗಾಯಕ ಎದೆಯ ಮೇಲೆ ಕೈಯಿಟ್ಟು, ಸತ್ಯಕ್ಕೆ ಜಯ ಸಿಕ್ಕಿತೆಂದು ಹೇಳಿದ. ಕೌಂಟರಿನಲ್ಲಿದ್ದ ಹೆಂಡತಿ ಟಿವಿ ನೋಡಲಿಲ್ಲ. ಗಂಡನ ಮುಖ ನೋಡಿದಳು.

ವಿಷಯ ಇಷ್ಟು. ಕಳೆದ ವರ್ಷ ಒಂದು ಕಾರ್ಯಕ್ರಮ ಮುಗಿದ ಮೇಲೆ ಗಾಯಕ, ವೇದಿಕೆಯ ದೀಪದ ಕೆಲಸದವನೊಬ್ಬನ ತಲೆಗೆ ಬಾಟಲಿಯಿಂದ ಹೊಡೆದ ಎಂದು ದೂರು. ಮರುದಿನ ಬೆಳಿಗ್ಗೆ ಗಾಯಕನ ಡ್ರೈವರ್ ಒಂದು ಬಿಳಿ ಅಂಗಿಯನ್ನು ಚೀಲದಲ್ಲಿ ತಂದು ಇವರ ಅಂಗಡಿಗೇ ಕೊಟ್ಟುಹೋದ. ಬಂದ ಬಟ್ಟೆಯನ್ನು ಗಿರಾಕಿಯ ಎದುರೇ ಬಿಡಿಸಿ, ಎಲ್ಲಿ ಏನು ಕಲೆ ಇದೆ ಎಂದು ಚೀಟಿಯಲ್ಲಿ ಬರೆದುಕೊಳ್ಳುವುದು ಹೆಂಡತಿಯ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅದನ್ನು ತಪ್ಪಿಸಿದ್ದು ಅವತ್ತೊಂದೇ ದಿನ. ದೊಡ್ಡ ಮನುಷ್ಯರ ಅಂಗಿ, ಡ್ರೈವರನ ಒಂದು ಕಾಲು ಆಗಲೇ ಬಾಗಿಲಾಚೆ. ಬಿಡಿಸಿ ನೋಡಲು ಸಂಕೋಚವಾಗಿ, ನಂಬರ್ ಚೀಟಿ ಚುಚ್ಚಿ ಬುಟ್ಟಿಗೆ ಹಾಕಿಬಿಟ್ಟಳು.

ಬುಟ್ಟಿಯಿಂದ ಎತ್ತಿಕೊಂಡ ಗಂಡ, ಕೆಟ್ಟ ಡ್ರೈಯರ್ ರಿಪೇರಿಗೆ ಬಾರದ ಮೆಕ್ಯಾನಿಕ್ಕನ ಜೊತೆ ಫೋನಿನಲ್ಲಿ ಜಗಳವಾಡುತ್ತಲೇ ತೋಳಿನ ಪಟ್ಟಿಯ ಕಲೆ ತೆಗೆದ. ಕಲೆ ಇತ್ತು, ಅಷ್ಟು ನೆನಪಿದೆ. ಕೆಂಪೋ ಕಂದೋ, ನೆನಪಿಲ್ಲ. ದಿನಕ್ಕೆ ನೂರೈವತ್ತು ಬಟ್ಟೆ ಮುಟ್ಟುವವನಿಗೆ ಕೆಲಸ ಮಾಡುವುದು ಕೈ. ತಲೆ ಎಲ್ಲೋ ಇರುತ್ತದೆ. ಮೂರನೆಯ ದಿನ ಪೊಲೀಸರು ಬರುವ ಹೊತ್ತಿಗೆ ಅಂಗಿ ಹಾಲಿನ ಬಿಳುಪಾಗಿ, ಇಸ್ತ್ರಿಯಾಗಿ, ಗಾಯಕನ ಮನೆ ಸೇರಿಯಾಗಿತ್ತು. ನೆತ್ತರೋ, ಗಾಯಕ ಹೇಳುವಂತೆ ಸಾಸೋ ಎಂದು ತನಿಖೆಯ ಅಧಿಕಾರಿ ಮೂರು ಸಲ ಕೇಳಿದರು. ಮೂರು ಸಲವೂ ಇವನು ಗೊತ್ತಿಲ್ಲ ಎಂದ. ಪೆಟ್ಟು ತಿಂದವನಿಗೂ ಆ ಸಂಜೆಯದು ಏನೂ ನೆನಪಿರಲಿಲ್ಲವಂತೆ. ಸಾಕ್ಷ್ಯ ಸಾಲದು ಎಂದು ಈಗ ಕೇಸು ಬಿಟ್ಟರು.

ಊರಿಗೆ ಮಾತ್ರ ಎಲ್ಲ ಗೊತ್ತಿತ್ತು. ಪರದೆ ಒಗೆಯಲು ಕೊಡುತ್ತಿದ್ದ ನಿವೃತ್ತ ಮೇಷ್ಟ್ರು, ಕೈ ಬೆಚ್ಚಗಾಯಿತೇನಪ್ಪ ಎಂದು ವಿಚಾರಿಸಿ, ತೊಳೆಯದ ಪರದೆಗಳನ್ನೇ ಮಡಚಿಕೊಂಡು ಹೋದರು. ಪಕ್ಕದ ಬೀಗದ ಅಂಗಡಿಯವನು ಕಣ್ಣು ಮಿಟುಕಿಸಿ, ಹೊಸ ಡ್ರೈಯರ್ ಯಾವಾಗ ಬಂತು ಎಂದ. ಡ್ರೈಯರ್ ಹಳೆಯದೇ, ಬಣ್ಣ ಹೊಡೆಸಿದ್ದು ಅಷ್ಟೇ. ಅದನ್ನು ಹೇಳಹೋದರೆ ಅವನು ಇನ್ನೂ ಜೋರಾಗಿ ಮಿಟುಕಿಸಿದ. ಗಾಯಕನ ಅಭಿಮಾನಿಯೊಬ್ಬಳು ಬಂದು, ನೀವು ಬಾಯಿ ಬಿಡದೆ ಇದ್ದಿದ್ದಕ್ಕೆ ಥ್ಯಾಂಕ್ಸ್ ಎಂದು ಕೈಕುಲುಕಿ ಫೋಟೋ ತೆಗೆಸಿಕೊಂಡಳು. ಬೈದವರಿಗಿಂತ ಇವಳ ಮೇಲೆ ಅವನಿಗೆ ಹೆಚ್ಚು ಸಿಟ್ಟು ಬಂತು.

ಊರು ಹಾಳಾಗಲಿ. ಅವನ ಹೊಟ್ಟೆ ಉರಿಸಿದ್ದು ಹೆಂಡತಿ. ಕೇಸು ನಡೆಯುವಷ್ಟು ದಿನ ಅವನನ್ನು ಎಳ್ಳಷ್ಟೂ ಅನುಮಾನಿಸದಿದ್ದವಳು, ಕೇಸು ಬಿಟ್ಟ ದಿನದಿಂದ ಬೇರೆಯೇ ಆದಳು. ಬಟ್ಟೆ ಕೊಡುವಾಗ ಕೈಗೆ ಕೊಡುತ್ತಿರಲಿಲ್ಲ, ಮೇಜಿನ ಮೇಲೆ ಇಡುತ್ತಿದ್ದಳು. ಊಟಕ್ಕೆ ಕೂತಾಗ ಒಂದೇ ಪ್ರಶ್ನೆ. "ನನ್ ಹತ್ರ ಆದ್ರೂ ಹೇಳ್ರಿ. ನಾನೇನು ಟಿವಿಯವಳಾ?"

ಏನೆಂದು ಹೇಳುವುದು? ಅವಳು ಹತ್ತನೆಯ ಸಲ ಕೇಳುವ ಹೊತ್ತಿಗೆ ಅವನಿಗೇ ಅನುಮಾನ ಹತ್ತಿತು. ಕಣ್ಣು ಮುಚ್ಚಿದರೆ ತೋಳಿನ ಪಟ್ಟಿಯ ಮೇಲೆ ಕೆಂಪು ಕಾಣುತ್ತಿತ್ತು. ಆದರೆ ಅದು ಅಂಗಿಯ ಮೇಲೆ ನೋಡಿದ ಕೆಂಪೋ, ಟಿವಿಯವರು ದಿನವೂ ತೋರಿಸಿದ ಕೆಂಪೋ ಬಗೆಹರಿಯಲಿಲ್ಲ. ಪೆಟ್ಟು ತಿಂದವನು ತಲೆಗೆ ಬ್ಯಾಂಡೇಜು ಕಟ್ಟಿಕೊಂಡು ಕೂತ ಚಿತ್ರ ನೆನಪಾದಾಗ ತೊಳೆದ ಬಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದ. ತಪ್ಪು ಮಾಡಿದೆನೋ ಇಲ್ಲವೋ ಎನ್ನುವುದೇ ಗೊತ್ತಿಲ್ಲದೆ ತಪ್ಪಿತಸ್ಥನಂತೆ ಬದುಕುವುದು ಎಂಥ ಕರ್ಮ.

ಕೊನೆಗೊಂದು ಭಾನುವಾರ ಮಧ್ಯಾಹ್ನ, ಅಂಗಡಿ ಮುಚ್ಚಿದ್ದಾಗ, ಹಳೆಯ ಬಿಳಿ ಅಂಗಿಯೊಂದನ್ನು ಮೇಜಿನ ಮೇಲೆ ಹಾಸಿದ. ಒಂದು ಕಡೆ ಚಹಾ ಚೆಲ್ಲಿದ, ಇನ್ನೊಂದು ಕಡೆ ಟೊಮೆಟೊ ಸಾಸು. ಮೂರನೆಯದಕ್ಕೆ ಪಿನ್ನಿನಿಂದ ಬೆರಳು ಚುಚ್ಚಿಕೊಂಡು ಒರೆಸಿದ. ಅವನ ಲೆಕ್ಕ ಸುಲಭವಾಗಿತ್ತು. ಒಂದೊಂದು ಕಲೆಗೆ ಒಂದೊಂದು ಉಪಚಾರ, ಯೋಚನೆ ಬಿಟ್ಟು ಕೈಗೆ ಒಪ್ಪಿಸಿದರೆ ಕೈ ತನ್ನ ದಾರಿ ಹಿಡಿಯುತ್ತದೆ. ಅವತ್ತು ರಕ್ತಕ್ಕೆ ಹಾಕುವ ಎಡಗಡೆಯ ಬಾಟಲಿ ಎತ್ತಿದ್ದೆನೋ ಸಾಸಿಗೆ ಹಾಕುವ ಬಲಗಡೆಯದ್ದೋ, ಕೈಗೆ ನೆನಪಾದರೆ ಸಾಕು. ಜಗಳದ ಮೂಡು ಬರಲೆಂದು ಕಿವಿಗೆ ಫೋನು ಹಿಡಿದು, ಇಲ್ಲದ ಮೆಕ್ಯಾನಿಕ್ಕನನ್ನು ಬಾಯಿಗೆ ಬಂದಂತೆ ಬೈಯತೊಡಗಿದ.

ಕೈ ಮೂರು ಸಲವೂ ತಣ್ಣೀರಿನ ನಲ್ಲಿಗೇ ಹೋಯಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವನು ಪೆಚ್ಚಾಗಿ ಫೋನು ಇಳಿಸಿ ವಿವರಿಸಿದ. ಕೆಲಸ ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿಕೊಟ್ಟಿದ್ದರು, ಏನೆಂದು ನೋಡದ ಕಲೆಗೆ ಮೊದಲು ತಣ್ಣೀರು ಎಂದು. ಹಾಗಾಗಿ ಈ ಪರೀಕ್ಷೆಯಿಂದ ಗೊತ್ತಾದದ್ದು ಏನೂ ಇಲ್ಲ.

"ನೋಡ್ದೇನೇ ತೊಳ್ದೆ ಕಣೇ. ಅಷ್ಟೇ ನಿಜ," ಎಂದ.

ಅವಳು ಹತ್ತಿರ ಬಂದು ಅವನ ಬೆರಳು ಹಿಡಿದು ನೋಡಿದಳು. ಸೆರಗಿನ ತುದಿಯಿಂದ ಒತ್ತಿದಳು. ತಾನು ಅವತ್ತು ಅಂಗಿ ಬಿಡಿಸದೆ ಹೋದದ್ದು ಅವಳನ್ನೂ ಒಳಗೊಳಗೇ ಕೊರೆಯುತ್ತಿತ್ತು ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಅವಳು ತಲೆ ಎತ್ತದೆ ಕೇಳಿದಳು.

"ನಾನು ಬಿಡ್ಸಿ ನೋಡಿ, ಚೀಟಿಲಿ ರಕ್ತ ಅಂತ ಬರ್ದಿದ್ರೆ? ಆಗ ಏನ್ ಮಾಡ್ತಿದ್ರಿ?"

ಪೊಲೀಸರಿಗೆ ಹೇಳ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಂಟು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ತನಿಖೆಯ ಅಧಿಕಾರಿಯೂ ಕೇಳಿರಲಿಲ್ಲ. ಅವನು ಆ ಬೆಳಿಗ್ಗೆಯನ್ನು ಕಣ್ಣ ಮುಂದೆ ತಂದುಕೊಂಡ. ತುಂಬಿದ ಬುಟ್ಟಿ, ಸಂಜೆಗೆ ಬೇಕೆಂದ ಡ್ರೈವರ್, ಕಿವಿಯಲ್ಲಿ ಫೋನು, ಕೈಯಲ್ಲಿ ರಕ್ತ ಎಂದು ಬರೆದ ಚೀಟಿ.

"ತೊಳೀತಿದ್ದೆ," ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು.

"ಇದನ್ನ ನಂಬ್ತೀನಿ," ಎಂದಳು.