ಇಪ್ಪತ್ನಾಲ್ಕು ಜೋಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಆ ಸೋಮವಾರ ಅದು ಮೂಗು ದಾಟಿ ಹೊರಗೇ ಬಂದಿತ್ತು. ಕಾರಣ, ಕಾರ್ಖಾನೆಯ ನೋಟಿಸ್ ಬೋರ್ಡಿಗೆ ನಾಲ್ಕು ಪಿನ್ನು ಚುಚ್ಚಿ ಹಾಕಿದ್ದ ಒಂದು ಪುಟದ ವರದಿ. 'ಎರಡನೇ ಶೆಡ್ಡಿನ ಕೆಲಸಗಾರರ ಶ್ರವಣಶಕ್ತಿಯಲ್ಲಿ ಎರಡು ವರ್ಷಗಳಲ್ಲಿ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ. ಆದ್ದರಿಂದ ಯಂತ್ರಗಳಿಗೆ ಶಬ್ದ ತಡೆಯುವ ಕವಚದ ಅಗತ್ಯವಿಲ್ಲ.'

ಆ ಕಿವಿಗಳನ್ನು ಅಳೆದವಳು ನಾನು. ನಮ್ಮದು ತಗಡಿನ ಡಬ್ಬಗಳಿಗೆ ಮುಚ್ಚಳ ಒತ್ತುವ ಕಾರ್ಖಾನೆ. ಎರಡನೇ ಶೆಡ್ಡಿನಲ್ಲಿ ಇಪ್ಪತ್ನಾಲ್ಕು ಹೆಂಗಸರು ಪ್ರೆಸ್ಸುಗಳ ಮುಂದೆ ನಿಂತು ದುಡಿಯುತ್ತಾರೆ. ನನ್ನ ಅಕ್ಕನೂ ಅವರಲ್ಲಿ ಒಬ್ಬಳು. ಎದುರುಬದುರು ನಿಂತವರೂ ಕೈಸನ್ನೆಯಲ್ಲೇ ಮಾತಾಡಬೇಕು, ಅಷ್ಟು ಸದ್ದು. ಆರೋಗ್ಯ ಕೋಣೆಯಲ್ಲಿ ನನ್ನದೊಂದು ಗಾಜಿನ ಗೂಡಿದೆ. ಒಬ್ಬೊಬ್ಬರನ್ನೇ ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಶಿಳ್ಳೆಯಂಥ ಸ್ವರ ಬಿಡುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಎಷ್ಟು ಜೋರು ಮಾಡಿದ ಮೇಲೆ ಕೇಳಿಸಿತೋ ಆ ಅಂಕಿ ಕಾರ್ಡಿಗೆ ಬರುತ್ತದೆ; ಅಂಕಿ ದೊಡ್ಡದಾದಷ್ಟೂ ಕಿವಿ ಮಂದ. ಹೊಸ ಪ್ರೆಸ್ಸುಗಳು ಬಂದ ವಾರ ಎಲ್ಲರದೂ ಒಮ್ಮೆ ಅಳೆದಿದ್ದೆ, ಎರಡು ವರ್ಷ ಬಿಟ್ಟು ಇನ್ನೊಮ್ಮೆ. ಶೆಡ್ಡಿನವರು ನನ್ನನ್ನು ಕರೆಯುವುದೇ ಕಿವಿಯಮ್ಮ ಎಂದು.

ಎರಡನೇ ಸಲ ಕಾರ್ಡು ಬರೆಯುವಾಗಲೇ ನನ್ನ ಕೈ ತಡೆದು ತಡೆದು ನಿಂತಿತ್ತು. ಒಬ್ಬರಾದ ಮೇಲೆ ಒಬ್ಬರದು ಅಂಕಿ ಏರಿತ್ತು. ಈಗ ವ್ಯತ್ಯಾಸವೇ ಇಲ್ಲ ಎಂದರೆ ಒಂದೋ ನನ್ನ ಯಂತ್ರ ಕೆಟ್ಟಿರಬೇಕು, ಇಲ್ಲವೇ ಲೆಕ್ಕ ಕೆಟ್ಟಿರಬೇಕು. ಯಂತ್ರವನ್ನು ಎರಡೆರಡು ಸಲ ಪರೀಕ್ಷಿಸಿದೆ. ಅದು ಸರಿಯಾಗಿಯೇ ಇತ್ತು. ಮರುದಿನ ರಜೆ ಹಾಕಿ, ವರದಿಗೆ ಸಹಿ ಮಾಡಿದವರ ಮನೆ ಹುಡುಕಿಕೊಂಡು ಹೊರಟೆ.

ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಬಿಡುವಿನಲ್ಲಿ ಕಾರ್ಖಾನೆ, ಆಸ್ಪತ್ರೆಗಳಿಗೆ ಲೆಕ್ಕ ಮಾಡಿಕೊಡುತ್ತಿದ್ದರು. ಎಲ್ಲರ ಬಾಯಲ್ಲೂ ಲೆಕ್ಕದ ಮೇಷ್ಟ್ರು. ಹೊಲಿಗೆ ಅಂಗಡಿಯ ಮಹಡಿಯ ಮೇಲೆ, ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಕೂತಿದ್ದರು. ಕೂರಲು ಜಾಗವಿರಲಿಲ್ಲ, ನಿಂತೇ ಕೇಳಿದೆ.

"ಯಾವ ಪರೀಕ್ಷೆ ಮಾಡಿದ್ರಿ ಸಾರ್?"

"ಎರಡು ಗುಂಪಿನ ಸರಾಸರಿ ಹೋಲಿಸೋದು. ಎಲ್ಲರೂ ಮಾಡೋದೇ. ಮೊದಲನೇ ಗುಂಪಿನ ಸರಾಸರಿ ಇಪ್ಪತ್ನಾಲ್ಕು, ಎರಡನೇದು ಮೂವತ್ತು. ಆದ್ರೆ ಒಬ್ಬೊಬ್ಬರ ಕಿವಿ ಒಂದೊಂದು ಥರ ಇದ್ಯಲ್ಲ, ಆ ಏರುಪೇರಿನ ಮುಂದೆ ಆರರ ವ್ಯತ್ಯಾಸ ಯಾವ ಲೆಕ್ಕಕ್ಕೂ ಬರಲ್ಲ."

"ಒಟ್ಟು ಎಷ್ಟು ಜನ ಅಂದ್ಕೊಂಡ್ರಿ?"

"ನಲವತ್ತೆಂಟು."

"ಇಪ್ಪತ್ನಾಲ್ಕೇ ಜನ ಸಾರ್. ಎರಡು ಸಲ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದರು. ಮ್ಯಾನೇಜರ್ ಆಫೀಸಿನಿಂದ ಬಂದ ಪಟ್ಟಿ. ಹೆಸರುಗಳಿರಲಿಲ್ಲ. ಎರಡು ಸಾಲು ಅಂಕಿ, ಎರಡೂ ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದವು. ಹೆಸರು ಗುಟ್ಟಾಗಿರಲಿ ಎಂದು ಅಳಿಸಿ, ನೀಟಾಗಿ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಜೋಡಿಸಿಬಿಟ್ಟಿದ್ದರು. ಯಾರ ಹಳೆಯ ಕಿವಿಗೆ ಯಾರ ಹೊಸ ಕಿವಿ ಎಂದು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

"ಸಾರ್, ನಾನು ನಿಮ್ಮಷ್ಟು ಓದಿದವಳಲ್ಲ," ಎಂದೆ. "ಆದ್ರೆ ಒಂದು ಮನೆ ಬಾಗಿಲಲ್ಲಿ ಇಪ್ಪತ್ನಾಲ್ಕು ಜೊತೆ ಚಪ್ಪಲಿ ಇದೆ ಅನ್ಕೊಳ್ಳಿ. ಮಕ್ಕಳದು, ಮುದುಕರದು, ಹೊಸದು, ಹಳೇದು. ಎಡಗಾಲಿಂದೆಲ್ಲ ಒಂದು ಗುಡ್ಡೆ, ಬಲಗಾಲಿಂದೆಲ್ಲ ಒಂದು ಗುಡ್ಡೆ ಹಾಕಿ ತೂಗಿದ್ರೆ ಏನ್ ಗೊತ್ತಾಗುತ್ತೆ? ಜೊತೆ ಜೊತೆಯಾಗಿ ಇಟ್ಟು ನೋಡಿದ್ರೆ ತಾನೇ ಬಲಗಾಲಿಂದು ಸವೆದಿದೆ ಅಂತ ಕಾಣೋದು?"

"ನನಗೆ ಕೊಟ್ಟಿದ್ದನ್ನ ನಾನು ಲೆಕ್ಕ ಮಾಡ್ದೆ."

"ಕೇಳ್ಬೇಕಿತ್ತು ಸಾರ್."

ಅವರ ಮುಖ ಕೆಂಪಾಯಿತು. ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. "ಹೌದು, ಕೇಳ್ಬೇಕಿತ್ತು," ಎಂದರು. "ಮೊದಲ ವರ್ಷದ ಮಕ್ಕಳಿಗೆ ಮೊದಲನೇ ದಿನ ಹೇಳಿಕೊಡೋದೇ ಅದು: ಪ್ರಶ್ನೆ ಏನು, ಅಳೆದದ್ದು ಯಾರನ್ನ. ಇಲ್ಲಿ ಪ್ರಶ್ನೆ ಎರಡು ಗುಂಪಿಂದಲ್ಲ. ಒಬ್ಬೊಬ್ಬಳ ಕಿವಿ ಅವಳದೇ ಹಳೇ ಕಿವಿಗಿಂತ ಕೆಟ್ಟಿದೆಯಾ ಅನ್ನೋದು." ಆಮೇಲೆ ಖಾಲಿ ಹಾಳೆ ತೆಗೆದು ಬರೆಯತೊಡಗಿದರು. ಯಾರದು ಹಾಳಾಗಿದೆಯೋ ಅದಕ್ಕೊಂದು ಕಳೆಯುವ ಗುರುತು, ಸುಧಾರಿಸಿದ್ದಕ್ಕೆ ಕೂಡುವ ಗುರುತು. ಎಣಿಸುವುದು, ಅಷ್ಟೇ. ಸದ್ದಿನಿಂದ ಏನೂ ಆಗದಿದ್ದರೆ ಎರಡೂ ಗುರುತು ಹೆಚ್ಚುಕಡಿಮೆ ಸಮವಾಗಿ ಬರಬೇಕು. "ಅಂಕಿ ನೋಡೋಕೆ ಮೊದಲೇ ಪರೀಕ್ಷೆ ಯಾವುದು ಅಂತ ಬರೆದಿಡ್ತಿದ್ದೀನಿ. ಆಮೇಲೆ ಏನೇ ಬರಲಿ, ಬದಲಾಯಿಸೋ ಹಾಗಿಲ್ಲ. ಒಬ್ಬರನ್ನೂ ಬಿಡೋ ಹಾಗಿಲ್ಲ." ತಾರೀಕು ಹಾಕಿ ಸಹಿ ಮಾಡಿದರು, ನನ್ನಿಂದಲೂ ಮಾಡಿಸಿದರು. "ಹೆಸರು ಬೇಡ. ಜೋಡಿ ಮಾತ್ರ ಬಿಚ್ಚಬೇಡಿ."

ಭಾನುವಾರ ಮಧ್ಯಾಹ್ನ ಮನೆಯ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡೆ. ಹೆಸರಿನ ಮೇಲೆ ಕಾಗದ ಅಂಟಿಸಿ, ಒಂದೊಂದು ಜೋಡಿಗೂ ಒಂದು ನಂಬರು ಕೊಟ್ಟು ಬರೆದುಕೊಳ್ಳುತ್ತ ಹೋದೆ. ಇಪ್ಪತ್ತೊಂದು ಕಳೆಯುವ ಗುರುತು. ಮೂರು ಕೂಡುವ ಗುರುತು. ಇಷ್ಟು ಸ್ಪಷ್ಟವಾಗಿದ್ದದ್ದನ್ನು ಇಲ್ಲ ಎಂದು ಬರೆದು ಪಿನ್ನು ಚುಚ್ಚಿದ್ದರಲ್ಲ ಎಂದು ಮೈ ಉರಿದುಹೋಯಿತು.

ಅಕ್ಕ ಬಟ್ಟೆ ಮಡಚುತ್ತ ಎದುರಿಗೆ ಬಂದು ಕೂತಳು. ನಾವು ಅಮ್ಮ, ಅಕ್ಕ, ನಾನು ಒಟ್ಟಿಗೇ ಇರುವವರು. ಇತ್ತೀಚೆಗೆ ಅಕ್ಕನಿಗೆ ಗತ್ತು ಬಂದಿದೆ ಎಂದು ಅಮ್ಮನ ದೂರು. ಕರೆದರೆ ತಿರುಗುವುದಿಲ್ಲ, ಅಡುಗೆಮನೆಯಿಂದ ಏನಾದರೂ ಕೇಳಿದರೆ ಉತ್ತರವಿಲ್ಲ. ಜಾಣ ಕಿವುಡು ಎಂದು ನಾನೂ ಸೇರಿಕೊಂಡು ಆಡಿಕೊಂಡಿದ್ದೆ.

"ಹದಿನೇಳು ನಂದು," ಎಂದಳು ಅಕ್ಕ. ಕಾರ್ಡಿನ ಮೂಲೆಯ ಎಣ್ಣೆ ಕಲೆಯಿಂದ ಗುರುತು ಹಿಡಿದಿದ್ದಳು.

ಹದಿನೇಳನ್ನು ನೋಡಿದೆ. ಮೊದಲು ಮೂವತ್ತು, ಆಮೇಲೆ ಇಪ್ಪತ್ತೈದು. ಕೂಡುವ ಗುರುತು. "ನಿಂದು ಸುಧಾರಿಸಿದೆ ಕಣೇ," ಎಂದೆ.

"ಸುಧಾರಿಸಿಲ್ಲ. ಅದನ್ನ ಹೊಡೆದುಹಾಕು."

"ಯಾಕೆ?"

"ನಿನ್ನ ಗೂಡಿನ ಗಾಜಲ್ಲಿ ನಿನ್ನ ಕೈ ಕಾಣುತ್ತೆ. ನೀನು ನಾಲ್ಕೈದು ಸಲ ಒತ್ತೋದನ್ನ ನೋಡಿಕೊಂಡು ಆಮೇಲೆ ನಾನೂ ಒತ್ತಿದೆ. ಕಿವಿ ಮಂದ ಅಂತ ಬರೆದ್ರೆ ಪ್ಯಾಕಿಂಗ್‌ಗೆ ಹಾಕ್ತಾರೆ. ಹದಿನಾರು ವರ್ಷ ಪ್ರೆಸ್ ನಡೆಸಿದವಳು ನಾನು. ಮೂಲೇಲಿ ಕೂತು ಪೆಟ್ಟಿಗೆಗೆ ಟೇಪ್ ಅಂಟಿಸ್ಲಾ?"

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಊರವರ ಕಿವಿ ಅಳೆಯುವವಳಿಗೆ ಒಡಹುಟ್ಟಿದವಳ ಕಿವಿ ತಿಳಿದಿರಲಿಲ್ಲ. ಆ ಗಾಜನ್ನು ದಿನಾ ಒರೆಸಿ ಹೊಳೆಯುವಂತೆ ಇಟ್ಟವಳೂ ನಾನೇ. ನಾಚಿಕೆಯಾಯಿತು, ಅಕ್ಕನ ಮೇಲೆ ಕೋಪವೂ ಬಂತು, ಎರಡರಲ್ಲಿ ಯಾವುದು ಹೆಚ್ಚು ಎಂದು ಆಗ ಹೇಳಲಾರದೆ ಹೋದೆ.

"ಹೊಡೆದುಹಾಕಲ್ಲ," ಎಂದೆ.

"ಅಲ್ವೇ, ಸುಳ್ಳು ಅಂತ ನಾನೇ ಹೇಳ್ತಿದ್ದೀನಿ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಬೇಕು. ಇವತ್ತು ನಿಂದು ಹೊಡೆದುಹಾಕಿದ್ರೆ ನಾಳೆ ಉಳಿದ ಎರಡೂ ಹೊಡೆದುಹಾಕೋಣ ಅನ್ನಿಸುತ್ತೆ. ಬಂದ ಫಲ ನೋಡಿಕೊಂಡು ಸಾಲು ಅಳಿಸೋದಾದ್ರೆ ನನಗೂ ಆ ಮ್ಯಾನೇಜರಿಗೂ ಏನೇ ವ್ಯತ್ಯಾಸ? ನಿನ್ನ ಸುಳ್ಳನ್ನೂ ಸೇರಿಸಿಕೊಂಡೇ ಇಪ್ಪತ್ತೊಂದು ಬಂದಿದೆ. ಸಾಕು ನನಗೆ."

ಅಕ್ಕ ಮಡಚಿದ ಸೀರೆಯನ್ನು ಮತ್ತೆ ಬಿಡಿಸಿ ಮಡಚಿದಳು.

ಗುರುವಾರ ಬೆಳಿಗ್ಗೆ, ಪ್ರೆಸ್ಸುಗಳು ಶುರುವಾಗುವ ಮುಂಚೆ, ನಾನು ಕಳಿಸಿದ ಜೋಡಿಗಳನ್ನು ನೋಡಿದ ಮೇಷ್ಟ್ರು ಕೇಳಿಕೊಂಡಂತೆ ಆರೋಗ್ಯ ಕೋಣೆಯಲ್ಲೇ ಸಭೆ ಸೇರಿತು. ಮ್ಯಾನೇಜರ್, ಮೇಷ್ಟ್ರು, ನಾನು, ಕೆಲಸಗಾರರ ಪರವಾಗಿ ಅಕ್ಕ. ಶೆಡ್ಡಿನವರು ಅವಳನ್ನೇ ಆರಿಸಿ ಕಳಿಸಿದ್ದರು. ಮೇಷ್ಟ್ರು ಮೊದಲು ತಮ್ಮ ಹಳೆಯ ವರದಿ ತಪ್ಪು ಎಂದು ಒಪ್ಪಿಕೊಂಡರು. ಅಷ್ಟು ಓದಿದವರೊಬ್ಬರು ಮ್ಯಾನೇಜರ್ ಎದುರು ತಪ್ಪು ಒಪ್ಪಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಹೊಸ ಲೆಕ್ಕ ಇಟ್ಟರು.

"ನಾಣ್ಯ ಇಪ್ಪತ್ನಾಲ್ಕು ಸಲ ಚಿಮ್ಮಿಸಿ ಸಾರ್. ಇಪ್ಪತ್ತೊಂದು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ತಲೆನೇ ಬೀಳಬೇಕಾದ್ರೆ ಆ ಆಟನ ಸುಮಾರು ಏಳು ಸಾವಿರ ಸಲ ಆಡಬೇಕು. ಇದು ಆಕಸ್ಮಿಕ ಅಲ್ಲ."

ಮ್ಯಾನೇಜರ್ ಕೆಟ್ಟವರಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕವಚ ಹಾಕಲು ಶೆಡ್ಡು ಹದಿನೈದು ದಿನ ನಿಲ್ಲಿಸಬೇಕು, ಅದು ಅವರಿಗೆ ಬೇಡವಾಗಿತ್ತು. ಹಾಳೆಯ ಮೇಲೆ ಬೆರಳಾಡಿಸಿದರು. "ಮೂರು ಜನಕ್ಕೆ ಸುಧಾರಿಸಿದೆಯಲ್ಲ? ಸದ್ದು ಕೇಳಿ ಕೇಳಿ ಕಿವಿ ಚುರುಕಾಯ್ತಾ?" ಎಂದು ನಕ್ಕರು. "ಬರೀ ನಂಬರು ಕೊಟ್ರೆ ನಾನು ನಂಬೋದು ಹೇಗೆ? ಹೆಸರಿನ ಪಟ್ಟಿ ಕೊಡಿ. ಕಿವಿ ಹೋದೋರನ್ನ ಪ್ಯಾಕಿಂಗ್‌ಗೆ ಹಾಕ್ತೀನಿ. ಸಮಸ್ಯೆ ಮುಗೀತು."

"ಕೊಡಲ್ಲ ಸಾರ್," ಎಂದೆ.

"ಕೊಡಲ್ಲ ಅಂದ್ರೆ? ನೀವು ಕಾರ್ಖಾನೆ ನೌಕರರು."

"ಹೌದು. ಕಾರ್ಡಿನ ಮೇಲೆ 'ಗೋಪ್ಯ' ಅಂತ ಅಚ್ಚು ಹಾಕಿಸಿದ್ದೂ ಕಾರ್ಖಾನೆನೇ. ಬೇಕಾದ್ರೆ ನನ್ನನ್ನ ತೆಗೀರಿ. ಹೆಸರು ಮಾತ್ರ ನನ್ನ ಬಾಯಿಂದ ಬರಲ್ಲ."

ಹೆದರಿಕೆಯಾಗಿತ್ತು. ಹಾಗಂತ ಕೂರಲಿಲ್ಲ. ಅಷ್ಟರಲ್ಲಿ ಅಕ್ಕ ಎದ್ದು ನಿಂತಳು.

"ಹದಿನೇಳು ನಾನು," ಎಂದಳು. "ಸುಧಾರಿಸಿದೆ ಅಂತಿದ್ರಲ್ಲ ಸಾರ್, ಅದೇ ಕಿವಿ. ಸುಳ್ಳು ಅದು. ಗಾಜಲ್ಲಿ ಇವಳ ಕೈ ನೋಡಿಕೊಂಡು ಒತ್ತಿದ್ದೆ."

ಮ್ಯಾನೇಜರ್ ಮುಖ ಅರಳಿತು. "ನೋಡಿದ್ರಾ? ಪರೀಕ್ಷೆನೇ ಮೋಸ. ಅಂದ್ಮೇಲೆ ಈ ಲೆಕ್ಕ ಎಲ್ಲ ಕಸದ ಬುಟ್ಟಿಗೆ."

"ಮೋಸ ಆಗಿದ್ದು ನಿಮ್ಮ ಲಾಭಕ್ಕೇ ಸಾರ್," ಎಂದರು ಮೇಷ್ಟ್ರು ಮೆಲ್ಲಗೆ. "ಆ ಸಾಲು ನಿಮ್ಮ ಪರವಾಗಿದೆ. ಅದನ್ನ ನಾವು ಹಾಗೇ ಇಟ್ಟುಕೊಂಡೇ ಲೆಕ್ಕ ಮಾಡಿದ್ದೀವಿ."

"ಈಗ ಅಳೆದು ನೋಡು," ಎಂದಳು ಅಕ್ಕ ನನಗೆ. "ಇವರ ಎದುರಿಗೇ."

ಗೂಡಿನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಗಾಜಿಗೆ ಬೆಡ್‌ಶೀಟ್ ಹೊದಿಸಿದೆ. ಅವಳ ಬೆನ್ನ ಹಿಂದಿನ ಬಾಗಿಲನ್ನು ಅರ್ಧ ತೆರೆದಿಟ್ಟೆ, ಅಲ್ಲಿಂದ ಅವಳ ಕೈ ನನಗೆ ಕಾಣುತ್ತಿತ್ತು. ಮ್ಯಾನೇಜರ್ ತಾವೇ ಒಳಗೆ ಹೋಗಿ ಅಕ್ಕನ ಭುಜದ ಪಕ್ಕದಲ್ಲಿ ನಿಂತರು, ಯಾರೂ ಸನ್ನೆ ಮಾಡದಂತೆ ಕಾಯಲು. ಶೆಡ್ಡು ಇನ್ನೂ ಮಲಗಿತ್ತು. ಗೋಡೆ ಗಡಿಯಾರದ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ.

ಎತ್ತರದ ಸ್ವರ ಬಿಟ್ಟೆ. ಯಂತ್ರದ ಸದ್ದು ಮೊದಲು ತಿನ್ನುವುದು ಅದನ್ನೇ. ಮೂವತ್ತು. ಅಕ್ಕನ ಕೈ ತೊಡೆಯ ಮೇಲೆ ಹಾಗೇ ಇತ್ತು. ನಲವತ್ತು. ಐವತ್ತು. ಅಕ್ಕ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಸ್ವರ ಇನ್ನೂ ಶುರುವೇ ಆಗಿಲ್ಲ ಎಂದುಕೊಂಡಿದ್ದಳು. ಅರವತ್ತಕ್ಕೆ ತಿರುಗಿಸಿದಾಗ ಮ್ಯಾನೇಜರ್ ತಟ್ಟನೆ ತಲೆ ಬಗ್ಗಿಸಿ ಅವಳ ಹೆಡ್‌ಫೋನಿನ ಕಡೆ ನೋಡಿದರು.

"ಇದು... ಹೊರಗಡೆ ನನಗೇ ಕೇಳಿಸ್ತಿದೆ," ಎಂದರು.

ಅಕ್ಕ ಅಲ್ಲಾಡಲಿಲ್ಲ. ಅರವತ್ತೈದಕ್ಕೆ ಅವಳ ಹೆಬ್ಬೆರಳು ಗುಂಡಿ ಒತ್ತಿತು. ನನ್ನ ಕಣ್ಣು ಮಂಜಾಗಿ ಅಂಕಿ ಎರಡೆರಡಾಗಿ ಕಂಡಿತು. ಅವಳು ಹೆಡ್‌ಫೋನ್ ತೆಗೆದು ತಿರುಗಿದಳು.

"ಎಷ್ಟು?"

ಬಾಯಿ ಅಗಲ ಮಾಡಿ ಹೇಳಿದೆ. "ಅರವತ್ತೈದು."

"ಬರಿ."

ಹದಿನೇಳನೇ ಸಾಲನ್ನು ಮುಟ್ಟಲಿಲ್ಲ. ಹಾಳೆಯ ಕೆಳಗೆ ಗೆರೆ ಎಳೆದು, ಇಂದಿನ ತಾರೀಕು ಹಾಕಿ, ಮರುಪರೀಕ್ಷೆ ಎಂದು ಬೇರೆಯಾಗಿ ಬರೆದೆ. ಮೇಷ್ಟ್ರು ಅದರ ಪಕ್ಕದಲ್ಲಿ ಸಹಿ ಹಾಕಿದರು.

ಮ್ಯಾನೇಜರ್ ಕುರ್ಚಿಗೆ ಮರಳಿ ಕೂತಿದ್ದರು. ದನಿ ಇಳಿದಿತ್ತು. "ಇಷ್ಟು ಹಾಳಾಗಿದೆ ಅಂದ್ಮೇಲೆ ನಿಮ್ಮನ್ನ ಪ್ರೆಸ್ ಮೇಲೆ ಬಿಡೋಕೆ ಆಗಲ್ಲಮ್ಮ. ನಿಯಮ ಇದೆ."

ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು. "ನಿಯಮ ಇದ್ರೆ ಎಲ್ಲರಿಗೂ ಇರಲಿ ಸಾರ್. ನನ್ನ ಜಾಗಕ್ಕೆ ಇನ್ನೊಬ್ಬಳನ್ನ ನಿಲ್ಲಿಸ್ತೀರ, ಎರಡು ವರ್ಷಕ್ಕೆ ಅವಳೂ ಹೀಗೇ ಆಗ್ತಾಳೆ. ಆಮೇಲೆ ಮತ್ತೊಬ್ಬಳು. ಎಷ್ಟು ಜನರನ್ನ ಪ್ಯಾಕಿಂಗ್‌ಗೆ ಹಾಕ್ತೀರ? ಸದ್ದು ಮಾಡ್ತಿರೋದು ನಾವಲ್ಲ, ಮೆಷಿನ್ನು. ಕಟ್ಟಿಹಾಕೋದಾದ್ರೆ ಅದನ್ನ ಕಟ್ಟಿಹಾಕಿ. ನಾನು ನನ್ನ ಪ್ರೆಸ್ ಬಿಡಲ್ಲ."

ಹೊರಗೆ ಪಾಳಿಯ ಗಂಟೆ ಹೊಡೆಯಿತು. ಒಳಗೆ ಯಾರೂ ಏಳಲಿಲ್ಲ. ಮ್ಯಾನೇಜರ್ ಹಳೆಯ ವರದಿಯನ್ನು ತಮ್ಮತ್ತ ಎಳೆದುಕೊಂಡು, 'ಅಗತ್ಯವಿಲ್ಲ' ಎಂಬ ಪದದ ಮೇಲೆ ಪೆನ್ನು ಇಟ್ಟರು. ಆಮೇಲೆ ಅದನ್ನು ಹೊಡೆದುಹಾಕಿ, ತಲೆ ಎತ್ತದೆಯೇ ಏನೋ ಗೊಣಗಿದರು.

ಅಕ್ಕನಿಗೆ ಕೇಳಿಸಲಿಲ್ಲ. "ಮುಖ ಎತ್ತಿ ಹೇಳಿ ಸಾರ್," ಎಂದಳು.

ಅವರು ಮುಖ ಎತ್ತಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು. "ಶೆಡ್ಡಲ್ಲಿ ಒಟ್ಟು ಎಷ್ಟು ಪ್ರೆಸ್ಸಿಗೆ ಕವಚ ಬೇಕು?"

"ಎಲ್ಲದಕ್ಕೂ," ಎಂದಳು ಅಕ್ಕ.