ಎರಡು ಬೆರಳು

ಬಿದ್ದವರ ಬಾಯಿಂದ ಗೊರಕೆಯಂಥ ಶಬ್ದ ಬಂದರೆ ಮೊದಲು ಗಲ್ಲ ಎತ್ತಬೇಕು ಎಂದು ಹೆರಾಲ್ಡರು ಹೇಳಿದ್ದೇ ತಡ, ಮೂರನೇ ಸಾಲಿನಲ್ಲಿ ಕುಳಿತಿದ್ದ ಕುಶಲಾ ತಡೆಯಲಾರದೆ ನಕ್ಕುಬಿಟ್ಟಳು.

"ಎಂತ ಆಯ್ತು ಅಕ್ಕ? ನಮಗೂ ಹೇಳಿ, ನಾವೂ ನಗುವ."

"ಎಂತ ಇಲ್ಲ ಸರ್. ನಮ್ಮ ಯಜಮಾನರಿಗೆ ನಾನು ಇಪ್ಪತ್ತಾರು ವರ್ಷ ದಿನಾ ರಾತ್ರಿ ಅದನ್ನೇ ಮಾಡ್ತಿದ್ದದ್ದು. ಗಲ್ಲಕ್ಕೆ ಎರಡು ಬೆರಳು ಕೊಟ್ಟು ಹೀಗೆ ಮೇಲೆ ಮಾಡಿದ್ರೆ ಗಪ್‌ಚಿಪ್."

ಕಾಪುವಿನ ಆ ಸಭಾಭವನದಲ್ಲಿದ್ದ ನಲವತ್ತು ಜನ ಗೊಳ್ಳೆಂದರು. ಅಗ್ನಿಶಾಮಕ ದಳದಿಂದ ನಿವೃತ್ತರಾಗಿ, ಈಗ ಮಳೆಗಾಲಕ್ಕೆ ಮುಂಚೆ ಊರೂರು ತಿರುಗಿ ಸ್ವಯಂಸೇವಕರನ್ನು ತಯಾರು ಮಾಡುತ್ತಿದ್ದ ಹೆರಾಲ್ಡರಿಗೆ ಇಂಥ ವಿದ್ಯಾರ್ಥಿ ಸಿಕ್ಕಿದ್ದು ಖುಷಿಯಾಯಿತು. ಅವಳನ್ನು ಮುಂದಕ್ಕೆ ಕರೆದು, ಒಬ್ಬ ಹುಡುಗನನ್ನು ಮೇಜಿನ ಮೇಲೆ ಮಲಗಿಸಿ, ಮಾಡಿ ತೋರಿಸಲು ಹೇಳಿದರು. ಕುಶಲಾ ಎಡಗೈಯನ್ನು ಹುಡುಗನ ಹಣೆಗೆ ಕೊಟ್ಟು, ಬಲಗೈಯ ಎರಡು ಬೆರಳಿಂದ ಗಲ್ಲ ಎತ್ತಿದಳು. ಗಂಡ ವಿಠಲನ ತಲೆಗೂ ಹೀಗೆಯೇ ಮಾಡುತ್ತಿದ್ದಳು, ನಿದ್ದೆಗಣ್ಣಲ್ಲೇ.

"ನೋಡಿ, ಇದಕ್ಕೆ ಡಿಗ್ರಿ ಬೇಡ, ಇಪ್ಪತ್ತಾರು ವರ್ಷದ ಸಂಸಾರ ಸಾಕು," ಎಂದ ಹೆರಾಲ್ಡರು ಆಮೇಲೆ ಸ್ವರ ತಗ್ಗಿಸಿದರು. "ಪ್ರಜ್ಞೆ ತಪ್ಪಿದವನ ನಾಲಿಗೆ ಹಿಂದಕ್ಕೆ ಜಾರ್ತದೆ. ಗಾಳಿಯ ದಾರಿ ಅರ್ಧ ಮುಚ್ಚುತ್ತದೆ. ಆ ಶಬ್ದ ಅಂದ್ರೆ ಮನುಷ್ಯ ಇನ್ನೂ ಗಾಳಿಗೆ ಒದ್ದಾಡ್ತಾ ಇದ್ದಾನೆ ಅಂತ ಅರ್ಥ. ಗಲ್ಲ ಎತ್ತಿದ ಮೇಲೆ ಉಸಿರಾಡಿದ್ರೆ ಕೈಗೆ ಕೆಂಪು ಪಟ್ಟಿ. ಮೊದಲ ಗಾಡಿಯಲ್ಲಿ ಅವನೇ ಹೋಗ್ಬೇಕು. ಎತ್ತಿದ ಮೇಲೂ ಉಸಿರು ಇಲ್ವಾ? ಆಗ ಮಾತ್ರ ಕಪ್ಪು, ಸತ್ತ ಲೆಕ್ಕ. ಕಪ್ಪು ಕಟ್ಟಿದವನನ್ನು ಮತ್ತೆ ಯಾರೂ ತಿರುಗಿ ನೋಡುದಿಲ್ಲ. ಹಾಗಾಗಿ ಕಪ್ಪಿಗೆ ಕೈ ಹಾಕುವ ಮೊದಲು ಎರಡು ಬೆರಳಿಗೆ ಕೆಲಸ ಕೊಡಿ."

ಮೇಜಿನ ಮೂಲೆಯಲ್ಲಿ ಪಟ್ಟಿಗಳ ರಾಶಿ ಇತ್ತು: ಕೆಂಪು, ಹಳದಿ, ಹಸಿರು, ಕಪ್ಪು. ದರ್ಜಿಯ ಅಂಗಡಿಯಿಂದ ಬಂದ ಬಟ್ಟೆಯ ತುಂಡುಗಳು. ರಬ್ಬರ್ ಬ್ಯಾಂಡು ಹಾಕಿದರೆ ತುಂಡಾಗುತ್ತದೆಂದು, ಮಲ್ಲಿಗೆ ಕಟ್ಟುವ ಬಾಳೆನಾರನ್ನು ನೆನೆಸಿ, ಅಷ್ಟೂ ಪಟ್ಟಿಗಳಿಗೆ ದಾರ ಹಾಕಿಕೊಟ್ಟವಳು ಕುಶಲಾ. ಶಂಕರಪುರದ ಅವಳ ಮನೆಯ ಪಕ್ಕದ ಆಶಾ ಕಾರ್ಯಕರ್ತೆ ಲವಿಟಾ ಅವಳನ್ನು ಇಲ್ಲಿಗೆ ಎಳೆದು ತಂದಿದ್ದಳು. "ಹತ್ತು ತಿಂಗಳಾಯ್ತು ಕುಶಲಕ್ಕ. ಹೂ ಕಟ್ಟುದು, ಗೋಡೆ ನೋಡುದು. ನಾಲ್ಕು ಜನರ ಮುಖ ನೋಡಿ ಮಾರಾಯ್ರೆ." ಬೆಳಿಗ್ಗೆ ಮೂರು ಅಟ್ಟೆ, ಎಂದರೆ ಹನ್ನೆರಡು ಚೆಂಡು ಮಲ್ಲಿಗೆ ಕಟ್ಟಿ ಮುಗಿಸಿಯೇ ಕುಶಲಾ ಹೊರಟಿದ್ದಳು. ಗಂಡ ಹೋದ ಮೇಲೆ ಜನರ ನಡುವೆ ಅವಳು ನಕ್ಕಿದ್ದು ಇವತ್ತೇ ಮೊದಲು. ಲವಿಟಾ ಅದನ್ನು ನೋಡಿ ಹಿಂದಿನಿಂದ ಅವಳ ಬೆನ್ನಿಗೆ ಮೆಲ್ಲನೆ ಗುದ್ದಿದಳು.

ಊಟದ ಹೊತ್ತಿಗೆ ಉಡುಪಿಯಿಂದ ಸ್ವಯಂಸೇವಕ ರೋಹಿತ್ ಬಂದ. ಇಪ್ಪತ್ತೈದರ ಹುಡುಗ, ಕಿತ್ತಳೆ ಬಣ್ಣದ ಜಾಕೆಟು, ಸೊಂಟದಲ್ಲಿ ಸೀಟಿ, ಕತ್ತರಿ. ಊಟ ಬಡಿಸಲು ತಾನೇ ನಿಂತ. ಮುದುಕರ ಎಲೆಗೆ ಕೇಳಿ ಕೇಳಿ ಸಾರು ಹಾಕಿದ. "ಒಳ್ಳೆ ಹುಡುಗ," ಎಂದು ಕುಶಲಾ ಲವಿಟಾಳಿಗೆ ಹೇಳಿದಳು. ಲವಿಟಾ ಎಲೆಯಿಂದ ತಲೆ ಎತ್ತದೆ ಅನ್ನ ಕಲಸಿದಳು.

ಊಟವಾದ ಮೇಲೆ ಹೆರಾಲ್ಡರು ಅವನ ಕೈಗೆ ಮೈಕು ಕೊಟ್ಟರು. ನಿಜವಾದ ಘಟನೆಯಲ್ಲಿ ಕೆಲಸ ಮಾಡಿದವನ ಅನುಭವ ಕೇಳಿ ಎಂದರು. ಮುಖ್ಯ ಅತಿಥಿಗಳು ಕುರ್ಚಿ ಎಳೆದುಕೊಂಡು ಕುಳಿತರು.

"ಕಳೆದ ಜುಲೈಯಲ್ಲಿ ಬಸ್ ಸ್ಟ್ಯಾಂಡಿನ ಶೆಡ್ಡಿನ ಮೇಲೆ ಗೋಳಿಮರ ಬಿತ್ತಲ್ಲ, ಅಲ್ಲಿಗೆ ಮೊದಲು ತಲುಪಿದ್ದು ನಾನು," ಎಂದು ಅವನು ಶುರುಮಾಡಿದ. "ಆಗ ನನ್ನದು ಒಂದೇ ದಿನದ ಟ್ರೈನಿಂಗ್ ಆಗಿತ್ತು. ಐದು ಜನ ಕೆಳಗೆ. ಇದ್ದದ್ದು ಒಂದೇ ಓಮ್ನಿ. ಕಾಲೇಜು ಹುಡುಗಿ ಒಬ್ಬಳು ಕಾಲು ಮುರಿದು ಕೂಗ್ತಾ ಇದ್ದಾಳೆ. ಪಕ್ಕದಲ್ಲಿ ಒಬ್ಬರು ಅಜ್ಜ. ಕಣ್ಣು ಮುಚ್ಚಿತ್ತು. ಗಂಟಲಲ್ಲಿ ಶಬ್ದ ಬರ್ತಾ ಉಂಟು, ಹೀಗೆ..."

ಅವನು ಮೈಕಿಗೆ ಬಾಯಿ ಹತ್ತಿರ ತಂದು ಶಬ್ದ ಮಾಡಿ ತೋರಿಸಿದ. ಮೂರು ಗಿಡ್ಡ ಎಳೆತ. ಒಂದು ನಿಲುಗಡೆ. ಆಮೇಲೆ ಒಂದು ಉದ್ದದ್ದು, ಕೊನೆಯಲ್ಲಿ ಸಣ್ಣ ಸಿಳ್ಳು. ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು ಕಿಸಕ್ಕೆಂದರು.

"ಇದು ಹೋಗುವ ಕೇಸು ಅಂತ ನಾನು ತೀರ್ಮಾನ ತಗೊಂಡೆ. ಪಟ್ಟಿ ಇರ್ಲಿಲ್ಲ. ಅಲ್ಲೇ ಬಿದ್ದಿದ್ದ ಕೊಡೆಯ ಬಟ್ಟೆ ಹರಿದು ಅವರ ಕೈಗೆ ಕಟ್ಟಿದೆ. ಹುಡುಗಿಯನ್ನು ಗಾಡಿಗೆ ಹಾಕಿದೆ. ಅವಳು ಈಗ ನಡೀತಾಳೆ. ಅಜ್ಜ ಅರ್ಧ ಗಂಟೆಯಲ್ಲಿ ಹೋದರು. ಅವರ ಮಲ್ಲಿಗೆ ಬುಟ್ಟಿ ಚೆಲ್ಲಿಹೋಗಿತ್ತು. ಆ ಪರಿಮಳ ಬಂದ್ರೆ ಈಗಲೂ ನೆನಪಾಗ್ತದೆ."

ಬರೆದುಕೊಳ್ಳುತ್ತಿದ್ದ ಹೆರಾಲ್ಡರ ಪೆನ್ನು ನಿಂತಿತು. ಅವರು ರೋಹಿತನನ್ನು ನೋಡಿದರು, ಆಮೇಲೆ ಆಗಲೇ ಚಪ್ಪಾಳೆಗೆ ಕೈಯೆತ್ತಿದ್ದ ಅತಿಥಿಗಳನ್ನು. "ತೀರ್ಮಾನ ತೆಗೆದುಕೊಳ್ಳುವ ಧೈರ್ಯ," ಎಂದರು. "ಅದು ಮುಖ್ಯ." ಸಭೆ ಚಪ್ಪಾಳೆ ತಟ್ಟಿತು.

ಕುಶಲಾಳ ಕೈ ಮಡಿಲಲ್ಲೇ ಇತ್ತು. ಕೊನೆಯ ಆ ಸಿಳ್ಳನ್ನು ಅವಳು ಇಪ್ಪತ್ತಾರು ವರ್ಷ ಪಕ್ಕದಲ್ಲೇ ಕೇಳಿದ್ದಳು. ವಿಠಲನ ಶವ ಮನೆಗೆ ಬಂದಾಗ ಮಣಿಕಟ್ಟಿನಲ್ಲಿ ಕೊಡೆಯ ಕಪ್ಪು ಬಟ್ಟೆ ಇತ್ತು. ಬಿಚ್ಚಿ ನೋಡಿದಾಗ ಅಡಿಯಲ್ಲಿ ಒಂದು ಗೀರು ಕೂಡ ಇರಲಿಲ್ಲ. ಗಾಯಕ್ಕೆ ಕಟ್ಟಿದ್ದು ಎಂದು ಲವಿಟಾ ಹೇಳಿದ್ದಳು. ಬಿದ್ದ ಕ್ಷಣದಲ್ಲೇ ಹೋದರು, ನೋವೇ ಗೊತ್ತಾಗಲಿಲ್ಲ ಎಂದೂ ಹೇಳಿದ್ದಳು. ಅವನಿಗೆ ಐವತ್ತೆರಡು ವರ್ಷ. ಅಜ್ಜನಲ್ಲ.

ಅವಳು ಲವಿಟಾಳನ್ನು ಹಿತ್ತಲಿನ ನಲ್ಲಿಯ ಹತ್ತಿರ ಹಿಡಿದಳು.

"ನೀನು ಅಲ್ಲಿ ಇದ್ದಿ ಅಲ್ವಾ?"

"ಆಮೇಲೆ ಬಂದದ್ದು ಕುಶಲಕ್ಕ. ನಾನು ಬರುವಾಗ ಮುಗಿದಿತ್ತು. ಅಲ್ಲಿದ್ದವರು ಹೇಳಿದ್ರು."

"ಅರ್ಧ ಗಂಟೆ ಅಂತ?"

"ಅದನ್ನು ನಿಮ್ಮ ಹತ್ರ ಹೇಗೆ ಹೇಳುದು?" ಲವಿಟಾ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ಇವನು ಇಲ್ಲಿಗೆ ಬರ್ತಾನೆ ಅಂತ ದೇವರಾಣೆಗೂ ಗೊತ್ತಿರಲಿಲ್ಲ. ನೀವು ಯಾರು ಅಂತ ಅವನಿಗೂ ಗೊತ್ತಿಲ್ಲ. ನಾನು ಹೋಗಿ ಹೇಳ್ಲಾ?"

"ಬೇಡ."

ಕುಶಲಾ ನಲ್ಲಿ ತಿರುಗಿಸಿ ಕೈ ತೊಳೆದಳು. ಆಮೇಲೆ ಸೆರಗಿಗೆ ಒರೆಸಿಕೊಂಡು, ಅಣಕು ಕಾರ್ಯಾಚರಣೆಗೆ ತನಗೆ ಸಿಕ್ಕಿದ್ದ ಚೀಟಿಯನ್ನು ಚಾಚಿದಳು. 'ಕೈಗೆ ತರಚು ಗಾಯ. ನಡೆಯಬಲ್ಲಿರಿ' ಎಂದಿತ್ತು ಅದರಲ್ಲಿ.

"ನಿನ್ನ ಚೀಟಿಯಲ್ಲಿ ಎಂತ ಉಂಟು?"

ಲವಿಟಾ ತನ್ನದನ್ನು ಬಿಡಿಸಿದಳು. ಓದಿ, ಮತ್ತೆ ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. "ಬೇಡ ಕುಶಲಕ್ಕ."

"ಕೊಡು."

ನಾಲ್ಕು ಗಂಟೆಗೆ ಸಭಾಭವನದ ಹಿಂದಿನ ಮೈದಾನದಲ್ಲಿ ಗಾಯಾಳುಗಳು ಮಲಗಿದರು. ಒಬ್ಬ ಕೆಂಪು ಬಣ್ಣ ಮೆತ್ತಿಕೊಂಡು ವಿಪರೀತ ನರಳುತ್ತಿದ್ದ. "ಸಾಕು ಮಾರಾಯ, ಇದು ನಾಟಕ ಅಲ್ಲ," ಎಂದು ಯಾರೋ ಬೈದರು. ಬಿಸಿಲಿಗೆ ಕಾದ ಮಣ್ಣು ಕುಶಲಾಳ ಬೆನ್ನು ಸುಡುತ್ತಿತ್ತು. ಅವಳು ಕಣ್ಣು ಮುಚ್ಚಿ, ಬಲಗೈಯನ್ನು ಮಡಚಿ ಕೆನ್ನೆಯ ಹತ್ತಿರ ಇಟ್ಟುಕೊಂಡಳು. ಎಷ್ಟು ತೊಳೆದರೂ ಬೆರಳಿಂದ ಮಲ್ಲಿಗೆಯ ಪರಿಮಳ ಹೋಗುವುದಿಲ್ಲ.

ಸೀಟಿ ಕೇಳಿಸಿತು. ಕಲಿಯುವವರಿಗೆ ಮಾದರಿಯಾಗಲೆಂದು ರೋಹಿತ್ ಮೊದಲು ಓಡಿದ, ಉಳಿದವರು ಬೇರೆ ಗಾಯಾಳುಗಳತ್ತ. ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡು. ಹಸಿರು, ಹಳದಿ, ಹಸಿರು. ವಿಡಿಯೋ ತೆಗೆಯುತ್ತ ಅತಿಥಿಗಳ ಫೋನು ಅವನ ಹಿಂದೆಯೇ ಬಂತು. ಹೆಜ್ಜೆ ಹತ್ತಿರವಾದಾಗ ಕುಶಲಾ ಗೊರಕೆ ಶುರುಮಾಡಿದಳು.

ಮೂರು ಗಿಡ್ಡ. ನಿಲುಗಡೆ. ಉದ್ದದ್ದು, ಕೊನೆಯಲ್ಲಿ ಸಿಳ್ಳು.

ಅವನು ಮೊಣಕಾಲೂರಿದ. ಹಣೆಗೆ ಕೈ, ಗಲ್ಲಕ್ಕೆ ಎರಡು ಬೆರಳು. ತಪ್ಪಿಲ್ಲದ ಕೆಲಸ. ಈ ಹತ್ತು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದ. "ಕೆಂಪು!" ಎಂದು ಕೂಗಿ ಅವಳ ಮಣಿಕಟ್ಟಿಗೆ ಪಟ್ಟಿ ಕಟ್ಟಿದ. ಬಾಳೆನಾರು ಬಿಗಿಯಿತು.

ಶಬ್ದ ನಿಲ್ಲಲಿಲ್ಲ.

"ಅಮ್ಮ, ಗಲ್ಲ ಎತ್ತಿಯಾಯ್ತು," ಎಂದು ಅವನು ಪಿಸುಗುಟ್ಟಿದ. "ಈಗ ನಿಲ್ಲಿಸ್ಬೇಕು."

ಮೂರು ಗಿಡ್ಡ. ನಿಲುಗಡೆ. ಉದ್ದದ್ದು.

ಗಲ್ಲದಡಿಯ ಬೆರಳುಗಳು ಅಲುಗಾಡದೆ ನಿಂತವು. ಅವನು ಉಸಿರು ಒಳಗೆಳೆದದ್ದು ಅವಳಿಗೆ ಕೇಳಿಸಿತು, ಒಮ್ಮೆ, ಮತ್ತೆ ಇನ್ನೊಮ್ಮೆ, ನಾಯಿ ಮೂಸಿದ ಹಾಗೆ. ಅವನು ಗಲ್ಲವನ್ನು ಇನ್ನಷ್ಟು ಮೇಲೆತ್ತಿದ.

"ಎಂತ ರೋಹಿತ್, ಮೂವತ್ತು ದಾಟಿತು!" ಹೆರಾಲ್ಡರು ದೂರದಿಂದ ಕೂಗಿದರು.

"ಅಮ್ಮ," ಎಂದ ಅವನು. "ನೀವು ಯಾರು?"

ಕುಶಲಾ ಸುಮ್ಮನಾದಳು. ಗೊರಕೆಯನ್ನಷ್ಟೇ ಅಲ್ಲ, ಉಸಿರನ್ನೂ ನಿಲ್ಲಿಸಿದಳು. ಅವನ ಕಿವಿ ಬಾಗಿ ಅವಳ ಮೂಗಿನ ಹತ್ತಿರ ಬಂತು. ಉಸಿರಿಲ್ಲದಿದ್ದರೆ ಕಪ್ಪು ಕಟ್ಟುವ ಮೊದಲು ಹತ್ತು ಎಣಿಸಬೇಕೆಂದು ಬೆಳಿಗ್ಗೆ ಕಲಿಸಿದ್ದರು.

ಕೊನೆಯ ಸೀಟಿ ಕೇಳಿಸಿತು. ಚಹಾ ಬಂತೆಂದು ಯಾರೋ ಕರೆದರು. ಕಾಲು ಮುರಿದವರು, ಸತ್ತವರು ಎಲ್ಲ ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡು ಆ ಕಡೆ ನಡೆದರು. ಗಲ್ಲದಡಿಯ ಎರಡು ಬೆರಳು ಅಲ್ಲೇ ಇದ್ದವು. ಅವಳ ಕೆನ್ನೆಯ ಮೇಲೆ ಒಂದು ಬಿಸಿ ಹನಿ ಬಿತ್ತು. ಬೆವರೋ ಏನೋ. ಕುಶಲಾ ಕಣ್ಣು ಬಿಡದೆ ಒಳಗೊಳಗೇ ಎಣಿಸುತ್ತಿದ್ದಳು.

ಎಂಟು. ಒಂಬತ್ತು. ಹತ್ತು.

ಹನ್ನೊಂದು.